ಮನೆಯ ಹೊಲಿಗೆ ಯಂತ್ರಕ್ಕೆ ಕೌದಿ ಭಾರವೇ?

ಮಲೆನಾಡಿನ ಮನೆಗಳಲ್ಲಿ ಎರಡು ವಸ್ತುಗಳು ಯಾರಿಗೂ ಬೇಡವಾಗಿ ಬಿದ್ದಿರುವುದು ಇಂದು ಸಾಮಾನ್ಯ ದೃಶ್ಯ. ಒಂದು, ಜಗಲಿಯ ಮೂಲೆಯಲ್ಲಿ ಮುಸುಕು ಹೊದ್ದು ನಿಂತಿರುವ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಇನ್ನೊಂದು, ಅಟ್ಟದ ಮೇಲೆ ಗಂಟು ಕಟ್ಟಿಟ್ಟ ಹಳೆಯ ಸೀರೆ, ಪಂಚೆ, ಲುಂಗಿಗಳ ಮೂಟೆ. ಯಂತ್ರವು ಮದುವೆಯ ಕಾಲದಲ್ಲಿ ತವರಿನಿಂದ ಬಂದದ್ದು, ಇಲ್ಲವೇ ಯಾವುದೋ ಸರ್ಕಾರಿ ಯೋಜನೆಯಡಿ ದೊರೆತದ್ದು. ಮೂಟೆ ವರ್ಷದಿಂದ ವರ್ಷಕ್ಕೆ ತಾನಾಗಿ ಬೆಳೆದದ್ದು. ಮಳೆಗಾಲ ಸಮೀಪಿಸಿದಂತೆ ಅದೇ ಮನೆಯವರು ಪೇಟೆಗೆ ಹೋಗಿ ಹೂವಿನ ಚಿತ್ತಾರದ ಪಾಲಿಯೆಸ್ಟರ್ ರಗ್ಗನ್ನು ಕೊಂಡು ತರುತ್ತಾರೆ. ಅಟ್ಟದ ಮೂಟೆ ಒಂದು ದಿನ ಹಿತ್ತಲಿನ ಬೆಂಕಿಗೋ ಹಳ್ಳದ ದಂಡೆಗೋ ಸೇರುತ್ತದೆ.

ಯಂತ್ರವಿದೆ, ಬಟ್ಟೆಯಿದೆ, ಹೊಲಿಯಬಲ್ಲ ಕೈಗಳೂ ಇವೆ. ಆದರೂ ಕೌದಿ ಹುಟ್ಟುತ್ತಿಲ್ಲ. ಕಾರಣ ವಿಚಾರಿಸಿದರೆ ಹೊಲಿಗೆ ಬಲ್ಲ ಹೆಂಗಸರಿಂದ ಬರುವ ಉತ್ತರ ಬಹುತೇಕ ಒಂದೇ: "ಅಷ್ಟು ದೊಡ್ಡದು ಈ ಮಿಷನ್ನಿನಲ್ಲಿ ಹಿಡಿಯುವುದಿಲ್ಲ." ರವಿಕೆ, ಲಂಗ, ದಿಂಬಿನ ಚೀಲ ಆದೀತು, ಹಾಸಿಗೆಯಗಲದ ಹೊದಿಕೆ ಆಗದು ಎಂಬುದು ದೃಢವಾದ ನಂಬಿಕೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವು ಅಂಗಡಿಯ ರಗ್ಗು ಕಲಿಸಿದ ತಪ್ಪು ಪಾಠ. ಇವೆರಡನ್ನೂ ಬೇರ್ಪಡಿಸಿ ನೋಡುವ ಅಗತ್ಯವಿದೆ.

ಕೈಯ ನೀತಿ, ಯಂತ್ರದ ನೀತಿ

ಮೊದಲು ಸತ್ಯದ ಅರ್ಧ. ಕೈಯಲ್ಲಿ ಕೌದಿ ಹೊಲಿಯುವಾಗ ಬಟ್ಟೆ ನೆಲದ ಮೇಲೆ ಹರಡಿಕೊಂಡು ನಿಶ್ಚಲವಾಗಿರುತ್ತದೆ, ಸೂಜಿ ಹಿಡಿದ ಕೈ ಅದರ ಮೇಲೆ ಸಂಚರಿಸುತ್ತದೆ. ಆದ್ದರಿಂದ ಕೌದಿ ಎಷ್ಟೇ ದೊಡ್ಡದಾದರೂ ಹೊಲಿಯುವವಳಿಗೆ ಅಡ್ಡಿಯಿಲ್ಲ. ಯಂತ್ರದಲ್ಲಿ ಇದು ತಿರುವುಮುರುವು. ಸೂಜಿ ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ, ಬಟ್ಟೆಯೇ ಸಾಗಬೇಕು. ಸೂಜಿಯಿಂದ ಯಂತ್ರದ ಬಲಗಡೆಯ ಕಂಬದವರೆಗಿನ ತೆರಪು ಸಾಮಾನ್ಯ ಮನೆಬಳಕೆಯ ಯಂತ್ರದಲ್ಲಿ ಆರೇಳು ಅಂಗುಲ ಮಾತ್ರ. ಅಂಗಡಿಯಲ್ಲಿ ಸಿಗುವ ಇಬ್ಬರ ಹಾಸಿಗೆಯ ಹೊದಿಕೆಯಾದರೋ 90 ಅಂಗುಲ ಅಗಲ, 100 ಅಥವಾ 108 ಅಂಗುಲ ಉದ್ದವಿರುತ್ತದೆ. ಅದರ ನಟ್ಟನಡುವೆ ಒಂದು ಗೆರೆ ಹೊಲಿಯಬೇಕಾದರೆ 45 ಅಂಗುಲ ಬಟ್ಟೆ, ಅದೂ ಮೂರು ನಾಲ್ಕು ಪದರಗಳದ್ದು, ಸುರುಳಿಯಾಗಿ ಆ ಕಿರುಗಂಡಿಯಲ್ಲಿ ತೂರಬೇಕು. ತುರುಕಿದರೂ ಅದು ಸರಾಗವಾಗಿ ಸರಿಯದು. ಎಡಗಡೆ ನೇತಾಡುವ ಉಳಿದರ್ಧದ ಭಾರ ಬಟ್ಟೆಯನ್ನು ಜಗ್ಗುತ್ತದೆ. ಹೊಲಿಗೆ ಒಂದೆಡೆ ಒತ್ತಾಗಿ ಇನ್ನೊಂದೆಡೆ ಉದ್ದವಾಗಿ ಬೀಳುತ್ತದೆ. ಸೂಜಿ ಬಾಗುತ್ತದೆ, ಮುರಿಯುತ್ತದೆ. ಒಮ್ಮೆ ಪ್ರಯತ್ನಿಸಿ ಸೋತವರು ಮತ್ತೆ ಆ ಗೋಜಿಗೆ ಹೋಗುವುದಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಕಾಡಂಚಿನ ಸಿದ್ದಿ ಮಹಿಳೆಯರ ಕೌದಿಗಳು ಇಂದು ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿವೆ. ಅವರ ಹೊಲಿಗೆ ಅಂಚಿನಿಂದ ಆರಂಭವಾಗಿ, ಸುತ್ತುಸುತ್ತಾಗಿ ಒಳಕ್ಕೆ ಸಾಗಿ, ನಡುವಿನಲ್ಲಿ ಮುಗಿಯುತ್ತದೆ. ಬಣ್ಣಬಣ್ಣದ ತೇಪೆಗಳ ಅಂಚನ್ನು ಬೆರಳಿನಿಂದಲೇ ಮಡಿಸಿಕೊಳ್ಳುತ್ತ, ಬಟ್ಟೆಯ ಸಡಿಲವನ್ನು ಅಲ್ಲಲ್ಲೇ ತೀಡಿಕೊಳ್ಳುತ್ತ ಹೋಗುವ ಕೈಗೆ ಇದು ಸಾಧ್ಯ. ಯಂತ್ರಕ್ಕೆ ಆ ಬೆರಳಿಲ್ಲ. ಅಂಚಿನಿಂದ ಒಳಕ್ಕೆ ಯಂತ್ರ ಹೊಡೆದರೆ ಸಡಿಲವೆಲ್ಲ ನಡುವಿನಲ್ಲಿ ಗುಡ್ಡೆಯಾಗುತ್ತದೆ. ಅದಕ್ಕಾಗಿಯೇ ಯಂತ್ರದ ಹೊಲಿಗೆ ನಡುವಿನಿಂದ ಆರಂಭವಾಗಿ ಅಂಚಿನತ್ತ ಸಾಗಬೇಕು; ಉಳಿದ ಸಡಿಲ ಅಂಚಿನಲ್ಲಿ ಹೊರಬಿದ್ದು ಕತ್ತರಿಗೆ ಸಿಗಬೇಕು. ಅಜ್ಜಿಯ ಕ್ರಮವನ್ನೇ ಯಂತ್ರದ ಮೇಲೆ ಹೇರಿದರೆ ಅಜ್ಜಿಗೂ ನ್ಯಾಯವಾಗದು, ಯಂತ್ರಕ್ಕೂ ಆಗದು. ಎರಡೂ ಬೇರೆಬೇರೆ ವಿದ್ಯೆಗಳೆಂದು ಒಪ್ಪಿಕೊಳ್ಳುವುದೇ ಮೊದಲ ಹೆಜ್ಜೆ.

ಅಳತೆ ಸೀರೆಯಲ್ಲೇ ಇದೆ

ಇನ್ನು ತಪ್ಪು ಪಾಠದ ಅರ್ಧ. ಹೊದಿಕೆ ಎಂದರೆ ಜೋಡಣೆಯ ಗುರುತಿಲ್ಲದ, ಒಂದೇ ಹಾಳೆಯಂತಹ ವಸ್ತುವಾಗಿರಬೇಕು ಎಂಬ ಕಲ್ಪನೆ ಕಾರ್ಖಾನೆಯಿಂದ ಬಂದದ್ದು. ಕೌದಿಯ ಹುಟ್ಟೇ ಜೋಡಣೆಯಲ್ಲಿದೆ. ತುಂಡು ತುಂಡು ಸೇರಿ ಕೌದಿಯಾಗುವುದಾದರೆ, ಹೊಲಿದು ಮುಗಿದ ಎರಡು ಭಾಗಗಳು ಕೂಡಿ ಒಂದು ಹೊದಿಕೆಯಾಗಲು ಏನಡ್ಡಿ?

ಇದಕ್ಕೆ ಬೇಕಾದ ಅಳತೆಯನ್ನು ಹಳೆಯ ಸೀರೆಯೇ ಹೇಳಿಕೊಡುತ್ತದೆ. ಸಾಧಾರಣ ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ ಸುಮಾರು 216 ಅಂಗುಲ. ಅಗಲ ಸುಮಾರು 45 ಅಂಗುಲ. ಅದನ್ನು ಉದ್ದದಲ್ಲಿ ಸಮನಾಗಿ ಎರಡು ಮಾಡಿದರೆ 108 ಅಂಗುಲದ ಎರಡು ತುಂಡುಗಳು. ಅವೆರಡನ್ನು ಪಕ್ಕಪಕ್ಕ ಇಟ್ಟರೆ 90 ಅಂಗುಲ ಅಗಲ, 108 ಅಂಗುಲ ಉದ್ದ. ಇಬ್ಬರ ಹಾಸಿಗೆಯ ಅಳತೆ ತಾನಾಗಿಯೇ ಸಿದ್ಧ! ಒಂದು ಸೀರೆಗೆ ಒಂದು ಪದರ. ನಾಲ್ಕು ಸೀರೆಗೆ ನಾಲ್ಕು ಪದರ. ಮಲೆನಾಡಿನ ಚಳಿಗೆ ನಾಲ್ಕು ಪದರದ ಹತ್ತಿ ಕೌದಿ ಹೊದೆಯಲು ಸಾಕು, ಹಾಸಲು ಬೇಕಾದಷ್ಟಾಯಿತು.

ನಾಲ್ಕು ಸೀರೆಗಳಿಂದ ದೊರೆತ ಎಂಟು ತುಂಡುಗಳಲ್ಲಿ ನಾಲ್ಕನ್ನು ಒಂದರ ಮೇಲೊಂದು ಹಾಸಿ ಎಡಭಾಗವನ್ನೂ, ಇನ್ನುಳಿದ ನಾಲ್ಕರಿಂದ ಬಲಭಾಗವನ್ನೂ ಪ್ರತ್ಯೇಕವಾಗಿ ಹೊಲಿದು ಮುಗಿಸಬೇಕು. ಪ್ರತಿ ಭಾಗದ ಅಗಲ 45 ಅಂಗುಲವಾದ್ದರಿಂದ ನಡುಗೆರೆ ಹೊಲಿಯುವಾಗಲೂ ಯಂತ್ರದ ತೋಳಿನಡಿ ಇರುವುದು ಸುಮಾರು 22 ಅಂಗುಲ ಬಟ್ಟೆ. ಅಂಚಿನತ್ತ ಸಾಗಿದಂತೆ ಅದೂ ಕಡಿಮೆಯಾಗುತ್ತದೆ. ಒಂದು ಪಕ್ಕ ಮುಗಿದ ಮೇಲೆ ಬಟ್ಟೆಯನ್ನು ತಿರುಗಿಸಿ, ಮತ್ತೆ ನಡುವಿನಿಂದಲೇ ಇನ್ನೊಂದು ಪಕ್ಕವನ್ನು ಹೊಲಿಯಬೇಕು. ಇನ್ನೂ ದಪ್ಪನೆಯ ಕೌದಿ ಬೇಕೆನ್ನುವವರು ಮೂವತ್ತು ಮೂವತ್ತು ಅಂಗುಲದ ಮೂರು ಭಾಗ ಮಾಡಿಕೊಳ್ಳಬಹುದು.

ಕೊನೆಗೆ ಎರಡು ಭಾಗಗಳನ್ನೂ ಮೇಲ್ಮೈಗೆ ಮೇಲ್ಮೈ ತಾಗುವಂತೆ ಒಂದರ ಮೇಲೊಂದಿಟ್ಟು, ಕೂಡುವ ಅಂಚಿನಿಂದ ಅರ್ಧ ಅಂಗುಲ ಒಳಗೆ ಉದ್ದಕ್ಕೂ ಹೊಲಿಯಬೇಕು. ಈ ಹೊಲಿಗೆಯಲ್ಲಿ ಇಡೀ ಕೌದಿ ಸೂಜಿಯ ಎಡಗಡೆಯೇ ಇರುತ್ತದೆ. ತೋಳಿನಡಿ ಇರುವುದು ಅರ್ಧ ಅಂಗುಲ ಮಾತ್ರ! ದೊಡ್ಡ ಕೌದಿಯ ಅತಿ ದೊಡ್ಡ ಹೊಲಿಗೆಯೇ ಅತಿ ಸುಲಭದ್ದಾಗುವ ಸೋಜಿಗವಿದು. ನಂತರ ಕೌದಿಯನ್ನು ಬಿಡಿಸಿ ಹಾಸಿ, ಹಿಂಬದಿಯಲ್ಲಿ ಎದ್ದು ಕಾಣುವ ಜೋಡಣೆಯ ಅಂಚುಗಳನ್ನು ಎರಡೂ ಕಡೆಗೆ ಮಲಗಿಸಿ, ಅದರ ಮೇಲೊಂದು ಎರಡೂವರೆ ಅಂಗುಲದ ಪಟ್ಟಿಯನ್ನಿಟ್ಟು ಕೈಯಿಂದಲೇ ಹೊಲಿದುಬಿಡಬೇಕು. ಕೈಸೂಜಿಗೆ ತಕ್ಕ ಕೆಲಸ ಕೈಸೂಜಿಗೆ, ಯಂತ್ರಕ್ಕೆ ತಕ್ಕದ್ದು ಯಂತ್ರಕ್ಕೆ. ಸುತ್ತಲಿನ ಅಂಚಿಗೆ ಯಾವುದಾದರೂ ಗಟ್ಟಿಮುಟ್ಟಾದ ಹಳೆಯ ಸೀರೆಯ ಅಂಚೇ ಶ್ರೇಷ್ಠ. ಸೀರೆಯ ಮೈ ಜೀರ್ಣವಾದ ಮೇಲೂ ಅಂಚು ಬಾಳುತ್ತದೆ.

ಕೆಡುವ ಕಡೆಗಳು

ಕೌದಿಯನ್ನು ಕೆಡಿಸುವುದು ಮುಖ್ಯವಾಗಿ ಮೂರು ಸಂಗತಿಗಳು. ಯಂತ್ರದ ಕೆಳಗಿನ ಹಲ್ಲುಗಳು ಅಡಿಯ ಪದರವನ್ನು ಹಿಂದಕ್ಕೆ ಎಳೆಯುತ್ತವೆ. ಮೇಲಿನ ಪಾದ ಮೇಲಿನ ಪದರವನ್ನು ಒತ್ತಿ ತಡೆಯುತ್ತದೆ. ಗೆರೆ ಮುಗಿಯುವ ಹೊತ್ತಿಗೆ ಮೇಲಿನ ಬಟ್ಟೆ ನೆರಿಗೆಯಾಗಿ ಉಳಿಯುವುದು ಇದರಿಂದ. ಪರಿಹಾರ ಹಳೆಯದೇ: ಯಂತ್ರಕ್ಕೆ ಕೊಡುವ ಮುನ್ನ ಬಟ್ಟೆಯನ್ನು ನೆಲಕ್ಕೆ ಹಾಸಿ, ಸುಕ್ಕು ತೀಡಿ, ಗೇಣಿಗೊಂದರಂತೆ ಉದ್ದನೆಯ ಕಚ್ಚಾ ಹೊಲಿಗೆ ಹಾಕುವುದು. ಈ ಕೆಲಸದಲ್ಲಿ ಅವಸರಪಟ್ಟವರು ಆಮೇಲೆ ಬಿಚ್ಚುವ ಕೆಲಸದಲ್ಲಿ ದುಪ್ಪಟ್ಟು ಹೊತ್ತು ಕಳೆಯುತ್ತಾರೆ. ಪಾದದ ಒತ್ತಡದ ತಿರುಪನ್ನು ತುಸು ಸಡಿಲಿಸಬೇಕು. ಅಕ್ಕಪಕ್ಕದ ಗೆರೆಗಳನ್ನು ಒಂದೇ ಕೊನೆಯಿಂದ ಆರಂಭಿಸಬೇಕು. ಒಂದು ಮೇಲಿಂದ, ಮತ್ತೊಂದು ಕೆಳಗಿಂದ ಹೊಲಿದರೆ ಬಟ್ಟೆ ಓರೆಯಾಗಿ ತಿರುಚಿಕೊಳ್ಳುತ್ತದೆ.

ಎರಡನೆಯದು ಭಾರ. ಯಂತ್ರದ ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಬೆಂಚನ್ನೋ ಮೇಜನ್ನೋ ಇಟ್ಟರೆ ಬಟ್ಟೆ ನೇತಾಡುವುದಿಲ್ಲ. ಮನೆಯ ಇನ್ನೊಬ್ಬರು ಎದುರು ನಿಂತು ಬಟ್ಟೆ ಹಿಡಿದುಕೊಂಡರೆ ಇನ್ನೂ ಒಳ್ಳೆಯದು. ಮೂರನೆಯದು ಸೂಜಿ. ರವಿಕೆ ಹೊಲಿಯುವ ತೆಳು ಸೂಜಿ ನಾಲ್ಕು ಪದರಕ್ಕೆ ತಾಳದು. 16ನೇ ನಂಬರಿನದನ್ನು ಹಾಕಿ, ಅಂಗುಲಕ್ಕೆ ಎಂಟರಂತೆ ಉದ್ದನೆಯ ಹೊಲಿಗೆ ಇಟ್ಟುಕೊಳ್ಳಬೇಕು. ದಪ್ಪ ಜೋಡಣೆ ಎದುರಾದಾಗ ಕಾಲು ನಿಲ್ಲಿಸಿ ಗಾಲಿಯನ್ನು ಕೈಯಿಂದ ತಿರುಗಿಸುವುದು ಕ್ಷೇಮ. ಎರಡು ಅಂಗುಲಕ್ಕೊಂದು ಗೆರೆಯಂತೆ ಇಡೀ ಹೊದಿಕೆಗೆ 44 ಗೆರೆಗಳು, ಒಟ್ಟು ಸುಮಾರು 120 ಮೀಟರ್ ಹೊಲಿಗೆ, ಎಣಿಸಿದರೆ 38,000 ಸೂಜಿಚುಚ್ಚು. ನಿಮಿಷಕ್ಕೆ 300 ಚುಚ್ಚಿನಂತೆ ತುಳಿದರೆ ಯಂತ್ರ ಓಡುವುದು ಎರಡು ಗಂಟೆಗೆ ತುಸು ಹೆಚ್ಚು. ಕತ್ತರಿಸುವುದು, ಹಾಸುವುದು, ಕಚ್ಚಾ ಹೊಲಿಗೆ, ತಿರುಗಿಸುವುದು, ಅಂಚು ಕಟ್ಟುವುದು ಎಲ್ಲ ಸೇರಿ ಎರಡು ಮೂರು ದಿನದ ಕೆಲಸ. ಅದೇ ಗೆರೆಗಳನ್ನು ಕೈಯಲ್ಲಿ ಅಂಗುಲಕ್ಕೆ ನಾಲ್ಕರಂತೆ ಹಾಕಿದರೂ 19,000 ಹೊಲಿಗೆಗಳು. ಎಷ್ಟು ಮಧ್ಯಾಹ್ನಗಳು, ಎಷ್ಟು ಕಣ್ಣುನೋವು ಎಂಬುದನ್ನು ಹೊಲಿದವರೇ ಬಲ್ಲರು.

ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದ ಊರುಗಳಲ್ಲಿ ಕಾಲಿನಿಂದ ತುಳಿಯುವ ಯಂತ್ರಕ್ಕೆ ಯಾವ ಅಡಚಣೆಯೂ ಇಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ತೋಟದ ಕೆಲಸ ತಗ್ಗಿ ಹೊರಗೆ ಕಾಲಿಡಲಾಗದ ಆ ದಿನಗಳೇ ಕೌದಿಯ ಕಾಲ. ಯಂತ್ರ ಬೇಡುವುದು ಹಗಲಿನ ಬೆಳಕು, ತುಕ್ಕು ಹಿಡಿಯದಂತೆ ನಾಲ್ಕು ಹನಿ ಎಣ್ಣೆ, ಅಷ್ಟೇ.

ರಗ್ಗಿನ ನಿಜವಾದ ಬೆಲೆ

ಪೇಟೆಯ ರಗ್ಗು ಅಗ್ಗವೆನ್ನುವುದು ಕೊಳ್ಳುವ ದಿನದ ಲೆಕ್ಕ. ಪಾಲಿಯೆಸ್ಟರ್ ಪೆಟ್ರೋಲಿಯಂನಿಂದ ತಯಾರಾಗುವ ನೂಲು. ಜಗತ್ತಿನಲ್ಲಿ ಇಂದು ಉತ್ಪಾದನೆಯಾಗುವ ಎಲ್ಲ ಬಗೆಯ ನೂಲಿನೆಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ. ಒಗೆದಾಗಲೆಲ್ಲ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಹಳ್ಳದ ಕಲ್ಲಿನ ಮೇಲೆ ಒಗೆದ ರಗ್ಗಿನ ಎಳೆಗಳಿಗೆ ಅಘನಾಶಿನಿಯನ್ನೋ ಶರಾವತಿಯನ್ನೋ ಸೇರಿ ಕಡಲು ಮುಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ಹರಿದ ಮೇಲೆ ರಗ್ಗು ಮಣ್ಣಾಗುವುದಿಲ್ಲ, ಸುಟ್ಟರೆ ಹೊಗೆ ವಿಷ.

ಹತ್ತಿ ನಿರಪರಾಧಿಯೆಂದು ಇದರರ್ಥವಲ್ಲ. ಒಂದು ಹತ್ತಿಯ ಟೀ ಶರ್ಟಿಗೆ, ಬೆಳೆಯಿಂದ ಬಟ್ಟೆಯವರೆಗೆ, ಸುಮಾರು 2,700 ಲೀಟರ್ ನೀರು ತಗಲುತ್ತದೆಂಬ ಅಂದಾಜು ಇದೆ. ಯಾವುದೋ ಬಯಲುಸೀಮೆಯ ನೀರನ್ನು ಕುಡಿದು, ಔಷಧಿ ಸಿಂಪಡಿಸಿಕೊಂಡು ಬೆಳೆದ ಹತ್ತಿ ಸೀರೆಯಾಗಿ ಮಲೆನಾಡಿಗೆ ಬಂದಿದೆ. ಆ ನೀರು ಈಗಾಗಲೇ ಖರ್ಚಾಗಿಹೋಗಿದೆ. ಸೀರೆಯನ್ನು ಇನ್ನೂ ಹತ್ತು ವರ್ಷ ಕೌದಿಯಾಗಿ ಬಾಳಿಸುವುದೊಂದೇ ಅದಕ್ಕೆ ಸಲ್ಲಿಸಬಹುದಾದ ಮರ್ಯಾದೆ. ಅಂಗಡಿಯಿಂದ ಹೊಸ ಬಟ್ಟೆ ಕೊಂಡು, ಕತ್ತರಿಸಿ, ಕೌದಿ ಹೊಲಿದು ಪರಿಸರ ಪ್ರೇಮವೆಂದು ಕರೆದುಕೊಂಡರೆ ಅದು ಕೊಳ್ಳುಬಾಕತನದ ಇನ್ನೊಂದು ವೇಷವಷ್ಟೇ.

ಒಂದು ತೊಡಕು ಉಳಿಯುತ್ತದೆ. ಅಟ್ಟದ ಮೂಟೆಯಲ್ಲಿ ಇಂದು ಹತ್ತಿಯ ಸೀರೆಗಿಂತ ನೈಲಾನ್, ಪಾಲಿಯೆಸ್ಟರ್ ಸೀರೆಗಳೇ ಹೆಚ್ಚಾಗುತ್ತಿವೆ. ಅವು ಯಂತ್ರದ ಪಾದದಡಿ ಜಾರುತ್ತವೆ, ಬೆವರು ಹೀರುವುದಿಲ್ಲ, ಬಚ್ಚಲೊಲೆಯ ಕಿಡಿ ಹಾರಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಮೈಗೆ ತಾಗುವ ಎರಡೂ ಹೊರಪದರಗಳು ಹತ್ತಿಯವಾಗಿದ್ದು, ಇಂಥ ಸೀರೆಗಳು ಒಳಪದರಗಳಾದರೆ ಬೆವರಿನ ಬಾಧೆ ತಪ್ಪುತ್ತದೆ. ಆದರೂ ಅಂಥ ಕೌದಿ ಒಲೆಯ ಹತ್ತಿರ ಸುಳಿಯಬಾರದು. ಇದು ಪರಿಪೂರ್ಣ ಪರಿಹಾರವಲ್ಲ. ಹಿತ್ತಲಲ್ಲಿ ಸುಡುವುದಕ್ಕಿಂತ ಮೇಲು, ಅಷ್ಟೇ.

ಯಾರ ಹೆಗಲಿನ ಮೇಲೆ?

ಈ ವಾದಕ್ಕೆ ಬರಬಹುದಾದ ಅತ್ಯಂತ ಗಟ್ಟಿಯಾದ ಆಕ್ಷೇಪ ತಾಂತ್ರಿಕವಾದದ್ದಲ್ಲ. ಪರಿಸರದ ಹೆಸರಿನಲ್ಲಿ ಕೊಡುವ ಸಲಹೆಗಳೆಲ್ಲ ಕೊನೆಗೆ ಹೆಣ್ಣಿನ ಹೆಗಲಿಗೇ ಇಳಿಯುತ್ತವೆ. ಪ್ಲಾಸ್ಟಿಕ್ ಬಿಡಬೇಕು, ಕಸ ಬೇರ್ಪಡಿಸಬೇಕು, ಗೊಬ್ಬರ ಮಾಡಬೇಕು, ಈಗ ಕೌದಿಯನ್ನೂ ಹೊಲಿಯಬೇಕು. ರಗ್ಗು ಅಂಗಡಿಯಿಂದ ಬಂದಾಗ ಅವಳಿಗೆ ಸಿಕ್ಕಿದ್ದು ಒಂದಿಷ್ಟು ಬಿಡುವು. ಅದನ್ನೂ ಕಸಿದುಕೊಳ್ಳುವ ಚಳವಳಿ ಯಾರದು? ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

1924ರಲ್ಲಿ ಯಂತ್ರಗಳ ಕುರಿತ ಸಂವಾದವೊಂದರಲ್ಲಿ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಹೆಂಡತಿಯ ಬೇಸರದ ಕೈಹೊಲಿಗೆಯ ದುಡಿಮೆಯನ್ನು ಕಂಡ ಸಿಂಗರ್ ಪ್ರೀತಿಯಿಂದ ಈ ಯಂತ್ರವನ್ನು ರೂಪಿಸಿದನೆಂಬುದು ಅವರು ಕೊಟ್ಟ ಕಾರಣ. ಇತಿಹಾಸದ ದಾಖಲೆ ಅಷ್ಟು ಸರಳವಲ್ಲ. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲೂ ಐಸಾಕ್ ಸಿಂಗರ್ 1851ರಲ್ಲೂ ಪೇಟೆಂಟ್ ಪಡೆದು ವರ್ಷಗಟ್ಟಲೆ ಕಚ್ಚಾಡಿದರು. ಆದರೆ ಗಾಂಧೀಜಿ ಹಿಡಿದ ಅಳತೆಗೋಲು ಇಂದಿಗೂ ಸಲ್ಲುತ್ತದೆ: ಯಂತ್ರವು ದುಡಿಯುವವರ ಶ್ರಮವನ್ನು ಹಗುರಗೊಳಿಸುತ್ತದೆಯೇ, ಇಲ್ಲವೇ? ವಾರಗಳ ಕೈಹೊಲಿಗೆಯನ್ನು ಎರಡು ಮೂರು ದಿನಕ್ಕೆ ಇಳಿಸುವ ಯಂತ್ರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಆ ಎರಡು ಮೂರು ದಿನವೂ ಒಬ್ಬಳದೇ ಆದರೆ ಸೋಲುತ್ತದೆ. ಬಟ್ಟೆ ಹಾಸಿ ಸುಕ್ಕು ತೀಡುವುದಕ್ಕೆ, ಬೆಂಚು ಹೊಂದಿಸುವುದಕ್ಕೆ, ಭಾರ ಹಿಡಿಯುವುದಕ್ಕೆ, ಯಂತ್ರ ತುಳಿಯುವುದಕ್ಕೂ ಗಂಡಸಾಗಿರುವುದು ಅಡ್ಡಿಯಲ್ಲ. ಪೇಟೆಯ ದರ್ಜಿಗಳಲ್ಲಿ ಗಂಡಸರೇ ಹೆಚ್ಚು. ಮನೆಯ ಯಂತ್ರದ ಮುಂದೆ ಕುಳಿತರೆ ಮಾತ್ರ ಮಾನ ಹೋಗುತ್ತದೆಂಬುದಕ್ಕೆ ಆಧಾರವಿಲ್ಲ.

ಮಾರಾಟಕ್ಕೆ ಹೊಲಿಯುವುದಾದರೆ ದಿನಗೂಲಿಯ ಲೆಕ್ಕ ಬೆಲೆಯೊಳಗೆ ಸ್ಪಷ್ಟವಾಗಿ ಕೂಡಿರಬೇಕು. ಅಡಿಕೆ ಸುಲಿದವರಿಗೆ ಅಳತೆಯ ಲೆಕ್ಕದಲ್ಲಿ ಕೂಲಿ ಕೊಡುವ ಊರು, ಕೌದಿಯ ಬೆಲೆ ಕೇಳಿದಾಗ "ಹಳೇ ಬಟ್ಟೆ ತಾನೇ" ಎನ್ನುವುದು ಅನ್ಯಾಯ. ಹಾಗೆಯೇ ಯಂತ್ರದಲ್ಲಿ ಹೊಲಿದ ಕೌದಿಯನ್ನು ಸಿದ್ದಿಯರ ಕೌದಿಯೆಂದು ಮಾರುವುದು ಅದಕ್ಕಿಂತ ದೊಡ್ಡ ಅನ್ಯಾಯ. ಮೂಲೆಗಳಲ್ಲಿ ಹೂವಿನಂತೆ ಮಡಿಸಿಟ್ಟ ತ್ರಿಕೋನಗಳವರೆಗೆ ಆ ವಿನ್ಯಾಸ ಅವರದು. 2003ರಲ್ಲಷ್ಟೇ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಸಮುದಾಯವೊಂದರ ಕೈಗೆ ಕೂಡಿಬಂದ ಹೆಸರನ್ನು ಅಗ್ಗದ ಅನುಕರಣೆಯಿಂದ ಕೆಡಿಸಬಾರದು. ಯಂತ್ರದ ಕೌದಿಗೆ ತನ್ನದೇ ನೇರ ಗೆರೆಗಳ ಚೆಲುವಿದೆ, ಅದು ಸಾಕು.

ಸರ್ಕಾರದ ಕಡೆಯಿಂದ ಯಂತ್ರಗಳಿಗೆ ಕೊರತೆಯಾಗಿಲ್ಲ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬೂ ಸೇರಿದ್ದು, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಕೊರತೆಯಿರುವುದು ಕಲಿಕೆಯಲ್ಲಿ. ಹೊಲಿಗೆ ತರಬೇತಿಯೆಂದರೆ ರವಿಕೆಯ ಕಟಿಂಗ್ ಎಂಬಲ್ಲಿಗೆ ಮುಗಿಯುತ್ತದೆ. ಊರಿಗೊಬ್ಬ ರವಿಕೆ ಹೊಲಿಯುವವಳು ಸಾಕಾದ ಮೇಲೆ ಉಳಿದ ಯಂತ್ರಗಳೆಲ್ಲ ಮುಸುಕು ಹೊದೆಯುತ್ತವೆ. ತರಬೇತಿಯ ಕೊನೆಯ ವಾರ ಪ್ರತಿಯೊಬ್ಬರೂ ತಮ್ಮ ಮನೆಯ ನಾಲ್ಕು ಹಳೆಯ ಸೀರೆ ತಂದು ಒಂದು ಕೌದಿ ಹೊಲಿದುಕೊಂಡು ಹೋಗುವಂತಾದರೆ ಖರ್ಚು ನೂಲಿನದು ಮಾತ್ರ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳೂ ತಮ್ಮ ಊರಿನಲ್ಲಿ ತುಳಿಯದೆ ನಿಂತ ಯಂತ್ರಗಳೆಷ್ಟು, ಈ ವರ್ಷ ಪೇಟೆಯಿಂದ ಬಂದ ರಗ್ಗುಗಳೆಷ್ಟು, ಸುಟ್ಟ ಬಟ್ಟೆಯೆಷ್ಟು ಎಂದು ಮನೆಮನೆ ತಿರುಗಿ ಬರೆದುಕೊಳ್ಳಬಹುದು. ಅಂಕಿಗಳು ಕಣ್ಣೆದುರು ಬಂದಾಗ ಚರ್ಚೆ ತಾನಾಗಿ ಹುಟ್ಟುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಡವರಿಗೆ ಬುದ್ಧಿ ಹೇಳಲು ಬಳಸಿದ್ದೇ ಹೆಚ್ಚು. ಅದರ ಇನ್ನೊಂದು ಅರ್ಥವನ್ನು ಕೌದಿ ತೋರಿಸಿಕೊಡುತ್ತದೆ. ಆರೇಳು ಅಂಗುಲದ ತೆರಪಿನಲ್ಲಿ 90 ಅಂಗುಲದ ಹಾಸಿಗೆ ಹುಟ್ಟುವುದಾದರೆ, ಇರುವುದರಲ್ಲಿಯೇ ಕಾಲು ಚಾಚುವಷ್ಟು ಹಾಸಿಗೆಯನ್ನು ಮಾಡಿಕೊಳ್ಳುವ ದಾರಿಯೂ ಉಂಟು. ಈ ಮಳೆಗಾಲ ಮುಗಿಯುವುದರೊಳಗೆ ಊರಿಗೊಂದಾದರೂ ಯಂತ್ರದ ಮುಸುಕು ಸರಿಯಲಿ. ಆ ಮುಸುಕಿನ ಬಟ್ಟೆಯೇ ಮೊದಲ ಕೌದಿಯ ಒಳಪದರವಾಗಲಿ.